ಆ ಫೋಟೊ ತೆಗೆದವಳು ನಾನೇ

ನಾನು ತೆಗೆದ ಫೋಟೊಗಳಲ್ಲೆಲ್ಲ ಅದೇ ಚೆನ್ನಾಗಿ ಬಂದಿತ್ತು, ಬೆಂಕಿ ಬೀಳಲಿ ಅದಕ್ಕೆ. ಹಿಂದಿನ ಗೋಡೆಯಲ್ಲಿ ನಮ್ಮ ನೀಲಿ ಬ್ಯಾನರು, ಒಂದಕ್ಷರವೂ ಮಡಿಕೆಯಲ್ಲಿ ಮುಚ್ಚಿಲ್ಲ. ಮುಂದೆ ಹತ್ತನೆಯ ತರಗತಿಯ ಒಬ್ಬ ಹುಡುಗಿ, ಕಣ್ಣು ಮುಚ್ಚಿ, ಬಾಯಿ ತೆರೆದು, ಗೊಳೋ ಎಂದು ಅಳುತ್ತಿದ್ದಾಳೆ. ಅಳು ನಾಟಕದ್ದು. ಕೆಳಗಿನ ಮೂಲೆಯಲ್ಲಿ ತಾರೀಖು, ವೇಳೆ, ಊರಿನ ಹೆಸರು ತಾವಾಗಿಯೇ ಮೂಡಿದ್ದವು.

ನನ್ನ ಕೆಲಸದ ಬಗ್ಗೆ ಎರಡು ಮಾತು ಹೇಳದಿದ್ದರೆ ಮುಂದಿನದು ತಿಳಿಯುವುದಿಲ್ಲ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ, ಈ ನಾಲ್ಕು ತಾಲೂಕುಗಳ ಪ್ರೌಢಶಾಲೆಗಳಿಗೆ ಹೋಗಿ, ಮಕ್ಕಳು ಮೊಬೈಲಿನಲ್ಲಿ ಒಬ್ಬರನ್ನೊಬ್ಬರು ಗೋಳುಹೊಯ್ದುಕೊಳ್ಳದಂತೆ ತಿಳಿಹೇಳುವುದು. ಒಂದು ಸಣ್ಣ ಸಂಸ್ಥೆ ನನ್ನನ್ನು ಇದಕ್ಕೆ ಇಟ್ಟುಕೊಂಡಿತ್ತು. ಕಾರ್ಯಕ್ರಮಕ್ಕೆ ಮಾರುದ್ದದ ಹೆಸರೊಂದಿತ್ತು, ಅದನ್ನು ಯಾರೂ ಪೂರ್ತಿ ಹೇಳುತ್ತಿರಲಿಲ್ಲ. ನಮ್ಮ ಕಡೆ ಶಾಲೆಯಲ್ಲಿ ಕಲಿಸುವ ಹೆಂಗಸರೆಲ್ಲ ಅಕ್ಕಾರು. ಹಾಗಾಗಿ ಮಕ್ಕಳ ಬಾಯಲ್ಲಿ ನಾನು ‘ಮೊಬೈಲ್ ಅಕ್ಕಾರು’.

ಪ್ರತಿ ಶಾಲೆಗೆ ನಾಲ್ಕು ಪಾಠ, ವಾರಕ್ಕೊಂದು. ಮೊದಲನೆಯ ದಿನ ಕಾಗದದ ಪೊಟ್ಟಣದಲ್ಲಿ ಹಿಡಿ ಜೋಳ ಒಯ್ಯುತ್ತಿದ್ದೆ. ತರಗತಿಯ ನಡುವೆ ನಿಂತು ಅದನ್ನು ಎರಚಿ, ‘ಈಗ ಒಂದೂ ಬಿಡದೆ ಆರಿಸಿ ಕೊಡ್ರಿ’ ಎನ್ನುತ್ತಿದ್ದೆ. ಮಕ್ಕಳು ಬೆಂಚಿನ ಕೆಳಗೆ ನುಸುಳಿ, ಫರಸಿಯ ಸಂದಿಯಲ್ಲಿ ಉಗುರು ಹಾಕಿ ತೆಗೆದರೂ ಪೊಟ್ಟಣ ಮೊದಲಿನಷ್ಟು ತುಂಬುತ್ತಿರಲಿಲ್ಲ. ಮೊಬೈಲಿನಲ್ಲಿ ಕಳಿಸಿದ್ದೂ ಹೀಗೆಯೇ ಎಂದು ಹೇಳಿದರೆ ಬೇರೆ ಭಾಷಣ ಬೇಕಾಗುತ್ತಿರಲಿಲ್ಲ. ಎರಡನೆಯ ದಿನ ನಾಟಕ: ಕಾಡುವವರು, ಕಾಡಿಸಿಕೊಳ್ಳುವವಳು, ಸುಮ್ಮನೆ ನೋಡುತ್ತ ನಿಂತವರು. ನೋಡುತ್ತ ನಿಂತವರಲ್ಲಿ ಒಬ್ಬರಾದರೂ ಎದ್ದು ‘ಸಾಕು’ ಎನ್ನುವವರೆಗೆ ನಾಟಕ ಮುಗಿಯುವಂತಿಲ್ಲ. ಮೂರನೆಯ ದಿನ, ಯಾರ ಫೋಟೊವನ್ನೂ ಅವರನ್ನು ಕೇಳದೆ ತೆಗೆಯಬಾರದು, ಹಂಚಬಾರದು, ಅಂಥದ್ದಾದರೆ ಯಾರಿಗೆ ಹೇಳಬೇಕು ಎಂಬ ಪಾಠ. ನಾಲ್ಕನೆಯ ದಿನ ಮಕ್ಕಳದೇ ಒಂದು ಸಮಿತಿ.

ಗಮನಿಸಿದಿರಾ? ಕೇಳದೆ ಫೋಟೊ ತೆಗೆಯಬಾರದು ಅನ್ನುವುದು ಮೂರನೆಯ ದಿನದ ಪಾಠ. ನಾನು ಆ ಫೋಟೊ ತೆಗೆದದ್ದು ಎರಡನೆಯ ದಿನ.

ಫೋಟೊ ತೆಗೆಯದೆ ಗತಿಯೂ ಇರಲಿಲ್ಲ. ಇಂದು ನಮ್ಮಲ್ಲಿ ಗಿಡ ನೆಟ್ಟರೂ ಫೋಟೊ, ಗುಳಿಗೆ ನುಂಗಿಸಿದರೂ ಫೋಟೊ. ಬ್ಯಾನರಿನ ಮುಂದೆ, ಊರು ವೇಳೆ ಮೂಡುವಂತೆ ಫೋಟೊ ತೆಗೆದು ಸಂಜೆ ನಾಲ್ಕರೊಳಗೆ ಸಂಸ್ಥೆಯ ಗ್ರೂಪಿಗೆ ಹಾಕದಿದ್ದರೆ ಆ ದಿನದ ಪಾಠ ನಡೆದೇ ಇಲ್ಲ ಎಂದು ಲೆಕ್ಕ. ಬೆಳಗಾವಿಯಲ್ಲಿ ಕೂತ ನಮ್ಮ ಸಂಯೋಜಕರು ನನಗಿಂತ ಹತ್ತು ವರ್ಷ ಸಣ್ಣವರು, ಕೆಟ್ಟವರೇನಲ್ಲ, ಆದರೆ ಫೋಟೊದ ವಿಷಯದಲ್ಲಿ ಹಠಮಾರಿ. ‘ಮೇಡಂ, ಮಕ್ಕಳ ಮಾರಿ ಕಾಣಬೇಕ್ರಿ. ಬೆನ್ನ ತಗದ ಕಳಸಬ್ಯಾಡ್ರಿ’ ಎಂದು ಎರಡು ಸಲ ಹೇಳಿದ್ದರು. ಒಪ್ಪಿಗೆಗೆ ಏನು ಮಾಡುತ್ತಿದ್ದೆವು ಎಂದರೆ, ಮುಖ್ಯೋಪಾಧ್ಯಾಯರಿಂದ ಒಂದು ಸಹಿ. ಶಾಲೆಯ ಅಷ್ಟೂ ಮಕ್ಕಳ ಪರವಾಗಿ ಒಂದೇ ಸಹಿ.

ಆ ಶಾಲೆ ದೊಡವಾಡದಿಂದ ಸ್ವಲ್ಪ ಆಚೆಗಿನ ಒಂದು ಊರಿನದು, ಹೆಸರು ಬೇಡ. ನಾಲ್ಕು ತಾಲೂಕು ಸುತ್ತಿದವಳು ಹೇಳುತ್ತೇನೆ, ಅಂಥ ತರಗತಿ ನನಗೆ ಮತ್ತೆ ಸಿಗಲಿಲ್ಲ. ಪ್ರಶ್ನೆ ಕೇಳಿದರೆ ಪ್ರಶ್ನೆಯನ್ನೇ ತಿರುಗಿಸಿ ಕೇಳುವ ಮಕ್ಕಳು. ಅವರಲ್ಲೂ ಆ ಹುಡುಗಿ! ನೀಳವಾದ ಜಡೆ, ಉದ್ದನೆಯ ಕೈ, ಮಾತು ಪಟಪಟ. ಕಾಡಿಸಿಕೊಳ್ಳುವವಳ ಪಾತ್ರಕ್ಕೆ ಸಾಮಾನ್ಯವಾಗಿ ಯಾರೂ ಮುಂದೆ ಬರುವುದಿಲ್ಲ. ಇವಳು ನಾನು ಕೇಳುವ ಮೊದಲೇ ಎದ್ದು ಬಂದಳು. ಕಾಡುವವಳ ಪಾತ್ರಕ್ಕೆ ತನ್ನ ಬೆಂಚಿನ ಗೆಳತಿಯನ್ನೇ ರಟ್ಟೆ ಹಿಡಿದು ಎಳೆದುಕೊಂಡು ಬಂದಳು. ಒಂದನೆಯ ತರಗತಿಯಿಂದ ಅವರಿಬ್ಬರೂ ಒಂದೇ ಬೆಂಚಂತೆ.

ನಾಟಕದಲ್ಲಿ ಗೆಳತಿ ಚೂರೂ ಕನಿಕರವಿಲ್ಲದೆ ಅವಳನ್ನು ಆಡಿಕೊಂಡಳು. ಇವಳು ಮೊದಲು ಸುಮ್ಮನೆ ನಿಂತಳು, ಆಮೇಲೆ ತುಟಿ ನಡುಗಿಸಿದಳು, ಆಮೇಲೆ ‘ನಾ ನಿಮಗ ಏನ ಮಾಡೀನಿ? ನಾಳಿಂದ ನಾ ಸಾಲಿಗೇ ಬರೂದಿಲ್ಲ!’ ಎಂದು ಕೂಗಿ, ಬಾಯಿ ತೆರೆದು ಅತ್ತುಬಿಟ್ಟಳು. ಖರೇ ಕಣ್ಣೀರು ಬಂತು. ತರಗತಿಗೆ ತರಗತಿಯೇ ಗಪ್ಪಾಯಿತು. ಆ ಕ್ಷಣಕ್ಕೆ ನನ್ನ ಕೈ ತಾನಾಗಿ ಮೊಬೈಲಿಗೆ ಹೋಯಿತು. ಆಮೇಲೆ ಚಪ್ಪಾಳೆಯೋ ಚಪ್ಪಾಳೆ. ಅವಳು ಮೂಗು ಒರೆಸಿಕೊಂಡು ನಗುತ್ತ ‘ಹೆಂಗಾತ್ರಿ ಅಕ್ಕಾರ?’ ಎಂದು ಕೇಳಿದಳು.

‘ಭಾರಿ ಆತವಾ, ಭಾರಿ ಆತು’ ಎಂದೆ.

ಮುಖ್ಯೋಪಾಧ್ಯಾಯರು ಬಾಗಿಲಲ್ಲಿ ನಿಂತು ನೋಡಿದ್ದರು. ‘ನನಗೂ ಒಂದ ಹಾಕ್ರಿ ಮೇಡಂ, ಪಾಲಕರ ಗ್ರೂಪಿಗೆ ಹಾಕತೇನಿ. ನಮ್ಮ ಸಾಲಿ ಹುಡುಗಿ, ಊರ ಮಂದಿ ನೋಡ್ಲಿ’ ಎಂದರು. ಬಸ್ಸಿನ ಮೆಟ್ಟಿಲ ಮೇಲೆ ಒಂದು ಕಾಲಿಟ್ಟುಕೊಂಡೇ ಇಬ್ಬರಿಗೂ ಕಳಿಸಿದೆ, ಅವರಿಗೊಂದು, ಬೆಳಗಾವಿಗೊಂದು. ಬೆಳಗಾವಿಯಿಂದ ಮೂರು ಹೆಬ್ಬೆರಳು ಬಂದವು. ಹೆಮ್ಮೆಯಾಯಿತು, ಸುಳ್ಳೇಕೆ ಹೇಳಲಿ.

ಫೋಟೊ ಕಳಿಸಿ ಮೂರು ದಿನವಾಗಿತ್ತು, ರಾಮದುರ್ಗದ ಒಂದು ಶಾಲೆ ಮುಗಿಸಿ ಸವದತ್ತಿಯ ಬಸ್ಸಿನಲ್ಲಿ ಕೂತಿದ್ದೆ. ಸವದತ್ತಿಯಲ್ಲಿ ನನ್ನ ತಂಗಿ ಇದ್ದಾಳೆ. ‘ನಿನ್ನೆಯಿಂದ ಮೆಸೇಜಿಗೆ ಉತ್ತರ ಇಲ್ಲ, ಸತ್ತಿದ್ದೀಯೋ ಬದುಕಿದ್ದೀಯೋ’ ಎಂದು ಕೇಳಿದ್ದೆ. ಉತ್ತರವಾಗಿ ಒಂದು ಸ್ಟಿಕರ್ ಬಂತು. ಬಾಯಿ ತೆರೆದು ಅಳುವ ಒಂದು ಮುಖ, ಕೆಳಗೆ ‘ನೆಟ್ ಖಾಲಿ ಆತಬೇ ಯವ್ವಾ!’ ಎಂಬ ದಪ್ಪ ಅಕ್ಷರ. ನಾನು ಬಸ್ಸಿನಲ್ಲಿ ಎಲ್ಲರಿಗೂ ಕೇಳುವಂತೆ ನಕ್ಕೆ. ನಗುವ ಮುಖಗಳ ಒಂದು ಸಾಲನ್ನೇ ತಿರುಗಿ ಕಳಿಸಿದೆ. ಮೊಬೈಲನ್ನು ಚೀಲದಲ್ಲಿಟ್ಟು ಕಿಟಕಿಯ ಹೊರಗೆ ನೋಡಿದೆ. ಎರಡು ಮೂರು ಹೊಲ ದಾಟಿರಬೇಕು. ಮತ್ತೆ ತೆಗೆದು ನೋಡಿದೆ. ಕಿವಿಯ ಪಕ್ಕ, ಕತ್ತರಿಸುವಾಗ ಉಳಿದುಕೊಂಡ ನೀಲಿ ಬ್ಯಾನರಿನ ಒಂದು ಚೂರು ಹಾಗೇ ಇತ್ತು.

ಸವದತ್ತಿಯಲ್ಲಿ ಇಳಿದವಳೇ ತಂಗಿಯನ್ನು ಹಿಡಿದು ಕೇಳಿದೆ. ‘ನಮ್ಮ ಸಂಘದ ಗ್ರೂಪಿನ್ಯಾಗ ಬಂದಿತ್ತ ತಗೋ. ಎಲ್ಲಾರೂ ಅದನ್ನಽ ಹಾಕಾಕತ್ತಾರ. ಯಾಕ, ಏನಾತು?’ ಎಂದಳು. ಹೇಳಿದೆ. ಅವಳು ‘ಊರಿಗೆಲ್ಲಾ ಶಕುನ ಹೇಳೂ ಹಲ್ಲಿ ಬಚ್ಚಲದಾಗ ಬಿತ್ತಂತ. ಹಂಗಾತು ನಿಂದು’ ಎಂದಳು. ಒಡಹುಟ್ಟಿದವರ ಬಾಯಿಗೆ ಬೀಗ ಇಲ್ಲ.

ಮುಂದಿನ ವಾರ ಮೂರನೆಯ ಪಾಠಕ್ಕೆ ಹೋದಾಗ ಆ ಬೆಂಚಿನಲ್ಲಿ ಗೆಳತಿ ಒಬ್ಬಳೇ ಕೂತಿದ್ದಳು. ಪಾಠ ಅಲ್ಲಿಗೇ ಬಿಟ್ಟೆ. ಮುಖ್ಯೋಪಾಧ್ಯಾಯರ ಕೋಣೆಗೆ ಹೋದೆ. ಅವರು ಹಾಜರಿ ಪುಸ್ತಕ ತೆರೆದಿಟ್ಟರು.

‘ಮೂರ ದಿನಾ ಆತ್ರಿ ಬಂದಿಲ್ಲ. ಜ್ವರಾ ಅಂತ ಹೇಳಿ ಕಳಿಸ್ಯಾರ. ಜ್ವರಾ ಅಲ್ಲ, ನನಗೂ ಗೊತ್ತೈತಿ. ಮೊದಲಽ ಆಕಿ ಕಾಮಣಿ ಜಡ್ಡಾಗಿ ತಿಂಗಳಗಟ್ಲೆ ಮನ್ಯಾಗ ಇದ್ಲು. ಇನ್ನ ಹದಿನೈದ ದಿನಾ ಹಿಂಗಽ ಆತಂದ್ರ ಹಾಜರಿ ಸಾಲೂದಿಲ್ರಿ. ಪರೀಕ್ಷಾಕ್ಕ ಕುಂದ್ರಸೂದು ನನ್ನ ಕೈಯಾಗ ಇರೂದಿಲ್ಲ ಮೇಡಂ’ ಎಂದರು.

ಹದಿನೈದು ದಿನ. ಅದರೊಳಗೆ ಆ ಹುಡುಗಿ ಬೆಂಚಿಗೆ ಮರಳದಿದ್ದರೆ ಅವಳ ಹತ್ತನೆಯ ತರಗತಿ ಅಲ್ಲಿಗೇ ನಿಲ್ಲುತ್ತದೆ. ನಿಂತ ಹೆಣ್ಣುಮಕ್ಕಳ ಓದು ಮತ್ತೆ ಹೊರಟದ್ದನ್ನು ನಾನು ಕಂಡದ್ದು ಕಡಿಮೆ.

ಮನೆಗೆ ಹೋದೆ. ಅಪ್ಪ ಬೈಲಹೊಂಗಲದಲ್ಲಿ ಮೋಟಾರು ವೈಂಡಿಂಗ್ ಅಂಗಡಿಯಲ್ಲಿ ಕೆಲಸ ಮಾಡುತ್ತಾರೆ, ಬೆಳಿಗ್ಗೆಯೇ ಹೋಗಿದ್ದರು. ತಾಯಿ ಹೊಲಿಗೆ ಯಂತ್ರದ ಮುಂದೆ ಕೂತಿದ್ದರು, ಮೇಲೆ ಬುದ್ಧನ ಕ್ಯಾಲೆಂಡರ್ ಇತ್ತು. ‘ಬರ್ರಿ ಅಕ್ಕಾರ, ಕುಂದರ್ರಿ’ ಎಂದು ಕುರ್ಚಿಯ ಮೇಲಿನ ಬಟ್ಟೆ ಎತ್ತಿ ಜಾಗ ಮಾಡಿದರು. ಒಳಕೋಣೆಗೆ ಪರದೆ ಇಳಿಬಿಟ್ಟಿತ್ತು. ಪರದೆಯ ಕೆಳಗೆ ಎರಡು ಪಾದ ಕಾಣುತ್ತಿದ್ದವು.

‘ದಾರದ ಉಂಡಿ ತರಾಕ ಕಿರಾಣಿ ಅಂಗಡಿಗೆ ಕಳಿಸಿದ್ನಿರಿ. ನೆಟ್ ಖಾಲಿ ಬಂತ ನೋಡ್ರೆಪಾ ಅಂದ್ರಂತ. ಹಾಲಿನ ಡೇರ್ಯಾಗೂ ಅದಽ. ಬಸ್ ಸ್ಟ್ಯಾಂಡಿನ್ಯಾಗ ಗುರ್ತು ಇಲ್ದವ್ರು ಸುದ್ದಾ ಮೊಬೈಲ್ ನೋಡೂದು, ಈಕಿ ಮಾರಿ ನೋಡೂದು. ಕೆಟ್ಟ ಮಾತೇನೂ ಯಾರೂ ಅಂದಿಲ್ರಿ. ನಗತಾರ ಅಷ್ಟಽ’ ಎಂದರು ತಾಯಿ.

ನಾನು ಪರದೆಯ ಕಡೆ ತಿರುಗಿ ಹೇಳಲು ಶುರು ಮಾಡಿದೆ. ಇದು ನಿನ್ನ ತಪ್ಪಲ್ಲ, ಇದಕ್ಕೆ ಸಹಾಯವಾಣಿ ಇದೆ, ದೂರು ಕೊಡಬಹುದು, ಮಾಡಿದವರನ್ನು ಹುಡುಕುತ್ತೇವೆ. ಮೂರನೆಯ ಪಾಠದಲ್ಲಿ ಇರುವುದನ್ನೆಲ್ಲ ಒಂದೂ ಬಿಡದೆ ಹೇಳಿದೆ. ಫೋಟೊ ತೆಗೆದವಳು ನಾನು ಎಂಬ ಒಂದು ಮಾತು ಮಾತ್ರ ಹೇಳಲಿಲ್ಲ. ಪಾದಗಳು ಅಲುಗಲಿಲ್ಲ.

ಹೊರಡುವಾಗ ತಾಯಿ ಅಂಗಳದವರೆಗೆ ಬಂದರು. ‘ನೀವಽ ಏನಾರ ಮಾಡ್ರಿ ಅಕ್ಕಾರ. ನೀವು ಇದನ್ನಽ ಕಲಸಾವ್ರಲ್ರಿ?’ ಎಂದರು. ವ್ಯಂಗ್ಯವಲ್ಲ ಅದು, ನಂಬಿಕೆಯಿಂದ ಆಡಿದ ಮಾತು. ಅದಕ್ಕೇ ನನಗೆ ಆ ದಿನ ಊಟ ಇಳಿಯಲಿಲ್ಲ.

ನಮ್ಮ ಕೈಪಿಡಿಯಲ್ಲಿ ಬರೆದಂತೆ ಮುಂದುವರಿದೆವು. ಮೊದಲು ಮೂಲ ಹುಡುಕಬೇಕು. ಮುಖ್ಯೋಪಾಧ್ಯಾಯರು ಬೆಳಗಿನ ಪ್ರಾರ್ಥನೆಯಲ್ಲಿ ಮಕ್ಕಳನ್ನು ಬಿಸಿಲಿಗೆ ನಿಲ್ಲಿಸಿ, ‘ಯಾರ ಮಾಡೀರಿ ಅವರು ಮುಂದ ಬರ್ರಿ, ಇಲ್ಲಾಂದ್ರ ಪೊಲೀಸರು ಬರ್ತಾರ’ ಎಂದರು. ಯಾರೂ ಬರಲಿಲ್ಲ. ಅಲ್ಲಿಯವರೆಗೆ ಸ್ಟಿಕರ್ ನೋಡದಿದ್ದ ಎಂಟನೆಯ ತರಗತಿಯ ಮಕ್ಕಳೂ ಅಂದು ಸಂಜೆ ಅಪ್ಪನ ಮೊಬೈಲಿನಲ್ಲಿ ಅದನ್ನು ಹುಡುಕಿ ನೋಡಿದರು. ಆಮೇಲೆ ಪಾಲಕರ ಗ್ರೂಪಿನಲ್ಲಿ, ‘ವಿದ್ಯಾರ್ಥಿನಿಯ ಸ್ಟಿಕರನ್ನು ಎಲ್ಲರೂ ಕೂಡಲೇ ಅಳಿಸಬೇಕಾಗಿ ವಿನಂತಿ’ ಎಂದು ಹಾಕಿದರು. ಅದಕ್ಕೆ ಒಬ್ಬ ಮಹಾನುಭಾವ ಉತ್ತರ ಕೊಟ್ಟ. ಅದೇ ಸ್ಟಿಕರ್! ಮರುದಿನ ಮುಖ್ಯೋಪಾಧ್ಯಾಯರು ಮೊಬೈಲನ್ನು ನನ್ನ ಮುಂದೆ ಹಿಡಿದು, ‘ನೋಡ್ರಿ ಇವರ ಆಟಾ, ನೋಡ್ರಿ’ ಎಂದರು. ಹನ್ನೆರಡು ದಿನ ಉಳಿದಿದ್ದವು.

ಅಂದು ಮಧ್ಯಾಹ್ನ ಬಸ್ಸಿಗೆ ಕಾಯುತ್ತ ಬೇವಿನ ನೆರಳಲ್ಲಿ ನಿಂತಿದ್ದೆ. ಆ ಗೆಳತಿ ಶಾಲೆಯಿಂದ ಓಡಿ ಬಂದಳು. ನನ್ನೆದುರು ನಿಂತು ತನ್ನ ಚಪ್ಪಲಿ ನೋಡುತ್ತ, ‘ನಾ ಮಾಡೀನ್ರಿ ಅಕ್ಕಾರ’ ಎಂದಳು.

ನಾನು ಬೇವಿನ ಕಟ್ಟೆಯ ಮೇಲೆ ಕೂತೆ.

‘ಆಕಿಗಷ್ಟಽ ಕಳಿಸಿದ್ನಿರಿ, ನಗ್ಲಿ ಅಂತ. ಆಕಿನೂ ನಕ್ಕಳ್ರಿ. ಇನ್ನೊಂದ ಮಾಡ ಅಂದ್ಲು. ಆಮ್ಯಾಲ ನಮ್ಮಣ್ಣ ಅದನ್ನ ತನ್ನ ಗೆಳ್ಯಾರ ಗ್ರೂಪಿಗೆ ಹಾಕ್ಯಾನ್ರಿ. ನನಗ ಗೊತ್ತಾಗೂದ್ರಾಗ ಊರತುಂಬ ಆಗಿತ್ತು.’

‘ಫೋಟೊ ಎಲ್ಲಿಂದ ತಗೊಂಡಿ?’

‘ಪಾಲಕರ ಗ್ರೂಪಿನ್ಯಾಗಿತ್ತಲ್ರಿ. ನೀವಽ ತಗದಿದ್ದು. ಎಲ್ಲಾರೂ ನೋಡ್ಲಿ ಅಂತನಽ ಹಾಕೀರಿ ಅನಕೊಂಡ್ನಿ.’ ಆಮೇಲೆ ಅವಳಿಗೆ ಅಳು ಬಂತು. ‘ಆಕಿ ನನ್ನ ಮಾರಿ ನೋಡೂದಿಲ್ಲ ಅಂದಾಳಂತ್ರಿ. ನಾ ದಿನಾ ಅರ್ಧಾ ಬೆಂಚ ಬಿಟ್ಟ ಕುಂದ್ರತೇನ್ರಿ ಅಕ್ಕಾರ. ಯಾರರ ಬಂದ್ರ ಎಬ್ಬಸ್ತೇನಿ.’

ಈ ಮಗುವಿನ ಹಂಬಲದ ಮುಂದೆ ನನ್ನ ಕೈಪಿಡಿ ಏನು ಮಾಡೀತು? ಚೀಲದಲ್ಲಿ ಪ್ರಕರಣದ ನಮೂನೆ ಇತ್ತು. ಅದರಲ್ಲೊಂದು ಸಾಲು: ‘ಚಿತ್ರವನ್ನು ಮೊದಲು ಹಂಚಿದವರು.’ ಎರಡು ದಿನದಿಂದ ಆ ಜಾಗ ತುಂಬಲಿಕ್ಕೇ ನಾವು ಮಕ್ಕಳನ್ನು ಬಿಸಿಲಲ್ಲಿ ನಿಲ್ಲಿಸಿದ್ದೆವು. ಈಗ ಹೆಸರು ಎದುರಿಗೇ ನಿಂತು ಅಳುತ್ತಿತ್ತು. ಬರೆದುಬಿಟ್ಟಿದ್ದರೆ ನನ್ನ ಕೆಲಸ ಮುಗಿಯುತ್ತಿತ್ತು, ಪ್ರಕರಣ ಪತ್ತೆ ಎಂದು ಶಾಬಾಸ್‌ಗಿರಿಯೂ ಸಿಗುತ್ತಿತ್ತು. ಆದರೆ ಮೊದಲು ಹಂಚಿದವಳು ಅವಳಾಗಿರಲಿಲ್ಲ. ಬಸ್ಸಿನ ಮೆಟ್ಟಿಲ ಮೇಲೆ ಕಾಲಿಟ್ಟುಕೊಂಡು ಹಂಚಿದವಳು ಬೇರೆಯೇ ಇದ್ದಳು. ಬೇಲಿಯೇ ಎದ್ದು ಹೊಲ ಮೇಯ್ದಿತ್ತು. ನಮೂನೆಯನ್ನು ತೊಡೆಯ ಮೇಲಿಟ್ಟು ಆ ಸಾಲಿನಲ್ಲಿ ನನ್ನ ಹೆಸರು ಬರೆದೆ.

ಬೆಳಗಾವಿಯ ಸಂಯೋಜಕರಿಗೆ ಅದು ತಲುಪಿದ ಕೂಡಲೇ ಫೋನು. ‘ಮೇಡಂ, ತಲಿ ಕೆಟ್ಟೈತೇನ್ರಿ? ತಮ್ಮ ಹೆಸರಾ ತಾವಽ ಬರೀತಾರೇನ್ರಿ ಯಾರರ?’

‘ಖರೇ ಇದ್ದದ್ದು ಬರದೇನ್ರಿ.’

‘ಅಲ್ರಿ, ಅದಽ ಫೋಟೊ ಬೈಲಹೊಂಗಲದ ಸಮಾವೇಶದ ಫ್ಲೆಕ್ಸಿಗೆ ಕೊಟ್ಟೇನಿ. ಪ್ರಿಂಟಿಗೆ ಹೋಗೇತಿ.’

ನನಗೆ ಎಲ್ಲಿತ್ತೋ ಸಿಟ್ಟು. ಆ ಹುಡುಗಿಯ ಅಳುಮುಖ ಬೈಲಹೊಂಗಲದ ರಸ್ತೆಯಲ್ಲಿ ಆಳೆತ್ತರ ನಿಲ್ಲುವುದೆಂದರೆ! ಅವಳ ಅಪ್ಪ ದಿನವೂ ಕೆಲಸಕ್ಕೆ ಹೋಗುವ ರಸ್ತೆ ಅದು. ‘ಆ ಫ್ಲೆಕ್ಸ್ ನಿಂತ್ರ ನಾ ಅಲ್ಲಿ ನಿಂದ್ರೂದಿಲ್ಲ. ಇನ್ನ ಮ್ಯಾಲ ಮಕ್ಕಳ ಮಾರಿ ಇರೂ ಫೋಟೊನೂ ಕಳಸೂದಿಲ್ಲ. ಪಾಠ ಲೆಕ್ಕಕ್ಕ ಹಿಡೀತೀರೋ ಬಿಡ್ತೀರೋ ನಿಮಗ ಬಿಟ್ಟದ್ದು’ ಎಂದೆ. ‘ಫೋಟೊ ಇಲ್ದ ಕಾರ್ಯಕ್ರಮ ಹೆಂಗ ತೋರಸೂದ್ರಿ ಮ್ಯಾಲಿನವರಿಗೆ?’ ಎಂದರು, ಸಿಟ್ಟಿನಿಂದಲ್ಲ, ನಿಜವಾಗಿಯೂ ಗೊತ್ತಿಲ್ಲದವರಂತೆ. ನನಗೂ ಗೊತ್ತಿರಲಿಲ್ಲ. ಮರುದಿನ ಫ್ಲೆಕ್ಸಿಗೆ ಒಂದು ಚಿತ್ರ ಬರೆಸಿದ್ದೇವೆ ಎಂದು ತಿಳಿಸಿದರು. ಅಷ್ಟು ಒಳ್ಳೆಯತನ ಅವರಲ್ಲಿತ್ತು. ನನ್ನ ಆ ತಿಂಗಳ ಪಾಠಗಳು ಮಾತ್ರ ಲೆಕ್ಕಕ್ಕೆ ಬರಲಿಲ್ಲ.

ಶನಿವಾರ ಪಾಲಕರ ಸಭೆ ಕರೆಸಿದೆವು. ನಾನು ಎದ್ದು ನಿಂತೆ. ‘ಆ ಫೋಟೊ ತಗದಾಕಿ ನಾನು. ಆಕಿನ್ನ ಒಂದ ಮಾತ ಕೇಳಲಿಲ್ಲ. ಮೊದಲ ಕಳಿಸಿದಾಕಿನೂ ನಾನಽ. ಸ್ಟಿಕರ್ ನನ್ನ ಮೊಬೈಲಿಗೆ ಬಂದಾಗ ಮೊದಲ ನಕ್ಕಾಕಿನೂ ನಾನಽ’ ಎಂದೆ. ಗೆಳತಿಯ ಹೆಸರು ತೆಗೆಯಲಿಲ್ಲ. ಮುಂದಿನ ಸಾಲಿನ ಮುದುಕಿಯೊಬ್ಬಳು, ‘ಆತ ಬಿಡವಾ, ನೀ ಏನ ಬೇಕಂತ ಮಾಡಿ?’ ಎಂದು ಸಮಾಧಾನ ಹೇಳಿದಳು. ಹಿಂದೆ ಬಾಗಿಲ ಬಳಿ ಹುಡುಗಿಯ ಅಪ್ಪ ನಿಂತಿದ್ದರು, ಅಂಗಡಿಗೆ ರಜೆ ಹಾಕಿ ಬಂದಿದ್ದರು. ಅವರು ದನಿ ಏರಿಸಲಿಲ್ಲ.

‘ತಪ್ಪಾತು ಅನ್ನೂದು ಬ್ಯಾಡ್ರಿ ಅಕ್ಕಾರ. ನನ್ನ ಮಗಳ ಮಾರಿ ಮಂದಿ ಮೊಬೈಲಿನ್ಯಾಗಿಂದ ತಗಸ್ರಿ. ಅಷ್ಟ ಮಾಡ್ರಿ’ ಎಂದು ಹೊರಟುಹೋದರು.

ತೆಗೆಸುವುದು ಹೇಗೆ? ಗ್ರೂಪಿನಲ್ಲಿ ಹೇಳಿ ನೋಡಿದ್ದೆವು, ಏನಾಯಿತು ಗೊತ್ತೇ ಇದೆ. ದಾರಿ ತೋರಿಸಿದವಳು ಗೆಳತಿ. ‘ಮೊಬೈಲಿನ್ಯಾಗ ಹೇಳಿದ್ರ ಯಾರೂ ಕೇಳೂದಿಲ್ರಿ. ಲಗ್ನಕ್ಕ ಹೇಳಾಕ ಹೋದಂಗ ಮನಿಮನಿಗೆ ಹೋಗೂನ್ರಿ’ ಎಂದಳು. ನಮ್ಮ ಕಡೆ ಮದುವೆಗೆ ಕಾರ್ಡು ಎಷ್ಟು ಹಂಚಿದರೂ ಬಾಗಿಲಿಗೆ ಬಂದು ಬಾಯಿಂದ ಹೇಳಲಿಲ್ಲ ಎಂದರೆ ಹೇಳಿದಂತಲ್ಲ. ಬಾಗಿಲಿಗೆ ಬಂದು ಹೇಳಿದವರ ಮಾತನ್ನು ತೆಗೆದುಹಾಕುವುದೂ ಕಷ್ಟ. ಹದಿನೈದರ ಹುಡುಗಿಗೆ ಹೊಳೆದದ್ದು ನನಗೆ ಹೊಳೆದಿರಲಿಲ್ಲ.

ಶಾಲೆ ಬಿಟ್ಟ ಮೇಲೆ ದಿನವೂ ಹೊರಟೆವು, ನಾನು, ಗೆಳತಿ, ತರಗತಿಯ ಇನ್ನೆರಡು ಹುಡುಗಿಯರು. ಓಣಿಗೊಂದು ದಿನ. ಮನೆಯ ಎಲ್ಲ ಮೊಬೈಲುಗಳನ್ನು ಕಟ್ಟೆಯ ಮೇಲೆ ತರಿಸುವುದು. ಸ್ಟಿಕರ್ ಇಟ್ಟ ಜಾಗ ತೆರೆಯುವುದು, ಅದರ ಮೇಲೆ ಬೆರಳು ಒತ್ತಿ ಹಿಡಿದು ತೆಗೆದುಹಾಕುವುದು. ಆಮೇಲೆ ಗ್ರೂಪುಗಳಲ್ಲಿ ಮೇಲಕ್ಕೆ ಮೇಲಕ್ಕೆ ಹೋಗಿ ಎಲ್ಲೆಲ್ಲಿ ಬಂದಿದೆಯೋ ಅಲ್ಲೆಲ್ಲ ಅಳಿಸುವುದು. ಬಹುಪಾಲು ಜನಕ್ಕೆ ಇದು ಬರುತ್ತಿರಲಿಲ್ಲ. ‘ನೀವಽ ಮಾಡ್ರಿ ಅಕ್ಕಾರ’ ಎಂದು ಕೈಗೇ ಕೊಡುತ್ತಿದ್ದರು. ಒಬ್ಬ ಅಜ್ಜನಂತೂ ಮೊಬೈಲನ್ನು ಎದೆಗೆ ಅವಚಿಕೊಂಡು, ‘ಇದ್ರಾಗ ನನ್ನ ಮೊಮ್ಮಗಂದು ಫೋಟೊ ಅದಾವವಾ, ಅವು ಹೋಗಂಗಿಲ್ಲಲ್ಲ?’ ಎಂದು ಮೂರು ಸಲ ಕೇಳಿದ. ಹುಡುಗಿಯರು ಅವನಿಗೆ ಮೊಮ್ಮಗನ ಫೋಟೊಗಳನ್ನೆಲ್ಲ ತೋರಿಸಿ ಧೈರ್ಯ ಹೇಳಿದ ಮೇಲೆಯೇ ಕೊಟ್ಟದ್ದು.

ಹಾಲಿನ ಡೇರಿಯವನು ಮಾತ್ರ ಜಗ್ಗಲಿಲ್ಲ. ‘ಒಂದ ನಗೂ ಸೈತ ಬ್ಯಾಡೇನ್ರಿ ಅಕ್ಕಾರ ಊರಾಗ? ಬೈದೇವೇನು, ಹೊಡದೇವೇನು?’ ಎಂದ. ಗೆಳತಿ ಮುಂದೆ ಬಂದು, ‘ಮಾಮಾ, ನಿಮ್ಮ ಮಗಳ ಫೋಟೊ ಕೊಡ್ರಿ. ಎರಡ ನಿಮಿಷದಾಗ ಒಂದ ಮಾಡಿ ಕೊಡತೇನಿ. ಮಂದಿ ಇನ್ನೂ ಛಲೋ ನಗ್ತಾರ’ ಎಂದಳು. ಹಾಲು ಹಾಕಲು ಬಂದವರು 'ಹೋ' ಎಂದರು. ಅವನು ಕಿವಿ ಕೆಂಪಗೆ ಮಾಡಿಕೊಂಡು ಮೊಬೈಲು ತೆಗೆದ. ಕಿರಾಣಿ ಅಂಗಡಿಯವನು ನಾವು ಮೆಟ್ಟಿಲು ಹತ್ತುವ ಮುಂಚೆಯೇ, ‘ಅಳಿಸೇನ್ರಿ, ಅಳಿಸೇನ್ರಿ’ ಎಂದು ಪರದೆ ತೋರಿಸಿದ.

ಎಲ್ಲ ಹೋಯಿತೆಂದು ಹೇಳಲಾರೆ. ಸವದತ್ತಿಯ ಸಂಘದವರು, ರಾಮದುರ್ಗದ ಯಾರೋ, ಧಾರವಾಡದ ಯಾರೋ, ಅವರ ಕಟ್ಟೆಗೆಲ್ಲ ನಾನು ಹೋಗಿ ಕೂರಲು ಆಗಲಿಲ್ಲ. ಆದರೆ ಆ ಹುಡುಗಿ ನಡೆದಾಡುವ ಓಣಿಗಳಲ್ಲಿ ಅವಳ ಮುಖ ಮತ್ತೆ ಅವಳೊಬ್ಬಳದೇ ಆಯಿತು. ದಿನ ಕಳೆದಂತೆ ನನ್ನ ಜೀವ ಮಾತ್ರ ಒಂದೇ ಸಮನೆ ಎಳೆಯುತ್ತಿತ್ತು. ಬೇರೆ ಶಾಲೆಗಳಲ್ಲಿ ಪಾಠ ಮಾಡುವಾಗಲೂ, ಉದ್ದ ಜಡೆಯ ಯಾವ ಹುಡುಗಿ ಎದ್ದು ನಿಂತರೂ ಅವಳೇ ಎನಿಸುತ್ತಿತ್ತು. ‘ಹೆಂಗಾತ್ರಿ ಅಕ್ಕಾರ’ ಎಂಬ ಆ ದನಿ ಒಮ್ಮೆ ಕೇಳಿದರೆ ಸಾಕು ಎನಿಸುತ್ತಿತ್ತು. ಐದು ದಿನ ಉಳಿದಿದ್ದವು.

ಕಡೆಯ ಓಣಿ ಮುಗಿಸಿ ಅವಳ ಮನೆಗೆ ಹೋದೆವು. ಗೆಳತಿ ಅಂಗಳದಲ್ಲೇ ನಿಂತಳು. ಪರದೆ ಸರಿಯಿತು, ಹುಡುಗಿ ತಾನೇ ಹೊರಗೆ ಬಂದಳು. ಸೊರಗಿದ್ದಳು. ನಾನು ತಾಯಿಯ ಮುಂದೆಯೇ ಹೇಳಿದೆ, ‘ತಪ್ಪಾತವಾ. ನಿನ್ನ ಕೇಳಬೇಕಾಗಿತ್ತು.’

ಅವಳು ತಲೆಯಾಡಿಸಿದಳು. ಹೊರಗಿದ್ದ ಗೆಳತಿಯ ಕಡೆ ಒಮ್ಮೆ ನೋಡಿದಳು, ನೋಡುತ್ತಲೇ ಇದ್ದಳು. ಆಮೇಲೆ ನನ್ನ ಕಡೆ ತಿರುಗಿ, ‘ಸಾಲಿಗೆ ಬರತೇನ್ರಿ ಅಕ್ಕಾರ. ಆದ್ರ ಒಂದ ಮಾತ ಕೇಳ್ಲ್ಯಾ?’ ಎಂದಳು.

‘ಕೇಳವಾ.’

‘ನೀವು ನಮ್ಮ ಸಾಲಿಗೆ ಬರಬ್ಯಾಡ್ರಿ.’

ತಾಯಿ ‘ಏ, ಏನ್ ಮಾತದು?’ ಎಂದು ಗದರಿದರು. ನಾನು ಕೈ ಮಾಡಿ ತಡೆದೆ.

‘ಸಿಟ್ಟಿಲ್ರಿ ನಿಮ್ಮ ಮ್ಯಾಲ. ನೀವು ಛಲೋ ಕಲಸ್ತೀರಿ. ಆದ್ರ ನೀವು ಬಂದ್ರ ಎಲ್ಲಾರಿಗೂ ಅದಽ ನೆನಪಾಗ್ತದ್ರಿ. ಎಲ್ಲಾರೂ ನನ್ನ ಕಡೆ ನೋಡ್ತಾರ. ನನಗ ಸುಮ್ಮನ ಕುಂತ ಓದಬೇಕ್ರಿ, ಅಷ್ಟಽ’ ಎಂದಳು.

ಸರಿಯಾದ ಮಾತು. ಅದಕ್ಕೇ ಅಷ್ಟು ನೋವಾಯಿತು. ಜೀವ ಹಿಡಿದುಕೊಂಡು ಯಾರನ್ನು ಬೆಂಚಿಗೆ ಕರೆತರಲು ಓಡಾಡಿದೆನೋ, ಅವಳು ಬೆಂಚಿನಲ್ಲಿ ಕೂತದ್ದನ್ನು ನಾನು ನೋಡುವಂತಿಲ್ಲ. ಆದರೆ ಮೊದಲ ಸಲ ಅವಳ ಮುಖದ ವಿಷಯದಲ್ಲಿ ಅವಳನ್ನು ಕೇಳಿದಂತಾಗಿತ್ತು, ಅವಳು ಬೇಡ ಅಂದಿದ್ದಳು. ‘ಆತವಾ, ಬರೂದಿಲ್ಲ’ ಎಂದೆ. ಅಂಗಳ ದಾಟುವಾಗ ತಿರುಗಿ ನೋಡಿದೆ. ಇಬ್ಬರೂ ಹುಡುಗಿಯರು ಹೊಸ್ತಿಲ ಆಚೀಚೆ ನಿಂತಿದ್ದರು, ಇನ್ನೂ ಒಬ್ಬರೂ ಮಾತಾಡಿರಲಿಲ್ಲ.

ಪಾಠಗಳನ್ನೆಲ್ಲ ಬರೆದು, ಹಿಡಿ ಜೋಳದ ಆಟದಿಂದ ಹಿಡಿದು ಸಮಿತಿ ಮಾಡುವವರೆಗೆ ಎಲ್ಲವನ್ನೂ ವಿವರಿಸಿ, ಆ ಶಾಲೆಯ ವಿಜ್ಞಾನದ ಶಿಕ್ಷಕಿಗೆ ಕೊಟ್ಟೆ. ಮುಂದಿನ ಪಾಠಗಳನ್ನು ಅವರೇ ನಡೆಸುವುದೆಂದಾಯಿತು. ಈಗ ಎಲ್ಲ ಶಾಲೆಗಳಲ್ಲೂ ಕೇಳದೆ ಫೋಟೊ ತೆಗೆಯಬಾರದೆಂಬ ಪಾಠವನ್ನೇ ಮೊದಲು ಮಾಡುತ್ತೇನೆ. ನನ್ನ ಮೊಬೈಲು ಚೀಲದೊಳಗೇ ಇರುತ್ತದೆ.

ಸೋಮವಾರ ಬೆಳಿಗ್ಗೆ ಕಿತ್ತೂರಿನ ಬಸ್ ನಿಲ್ದಾಣದಲ್ಲಿ ನಿಂತಿದ್ದೆ. ಮುಖ್ಯೋಪಾಧ್ಯಾಯರ ಫೋನು ಬಂತು. ಹೆದ್ದಾರಿಯ ಲಾರಿಗಳ ಸದ್ದಿನಲ್ಲಿ ಏನೂ ಕೇಳದೆ ಗೋಡೆಯ ಮರೆಗೆ ಓಡಿದೆ.

‘ಬಂದಾಳ್ರಿ ಮೇಡಂ.’

‘ಹೌದ್ರಿ ಸರ್? ಖರೇ?’

‘ಖರೇನಽ. ಕುಂತಾಳ ಬೆಂಚಿನ್ಯಾಗ.’ ಅವರು ದನಿ ತಗ್ಗಿಸಿ, ‘ನೋಡ್ತೀರೇನ್ರಿ? ಕಿಡಕ್ಯಾಗಿಂದ ಒಂದ ಫೋಟೊ ತಗದ ಕಳಸ್ತೇನಿ. ನಿಮಗೊಬ್ಬರಿಗೆ. ಆಕಿಗೆ ಗೊತ್ತಾಗೂದಿಲ್ಲ’ ಎಂದರು.

ನೋಡಬೇಕಿತ್ತು. ದೇವರಾಣೆ, ಆ ಗಳಿಗೆಯಲ್ಲಿ ಜಗತ್ತಿನಲ್ಲಿ ಬೇರೆ ಏನನ್ನೂ ನೋಡಬೇಕಿರಲಿಲ್ಲ ನನಗೆ.

‘ಬ್ಯಾಡ್ರಿ ಸರ್. ಬಾಯಿಲೆ ಹೇಳ್ರಿ ಸಾಕು. ಏನ ಮಾಡಾಕತ್ತಾಳ್ರಿ?’

ಅವರು ವರಾಂಡದಲ್ಲಿ ನಡೆದುಹೋದದ್ದು ಕೇಳಿಸಿತು. ನಿಂತರು. ‘ಬರ್ಯಾಕತ್ತಾಳ್ರಿ, ತಲಿ ತಗ್ಗಿಸಿ’ ಎಂದು ಪಿಸುಗುಟ್ಟಿದರು. ‘ಬಾಜೂಕ ಆ ಗೆಳತಿ ಕುಂತಾಳ. ಹಾಂ... ಆಕಿ ಏನೋ ಅಂದ್ಲು. ಈಕಿ ಮೊದಲ ಸುಮ್ಮನಿದ್ಲು... ಈಗ ನಗಾಕತ್ತಾಳ್ರಿ ಮೇಡಂ. ಬಾಯಿ ಮುಚ್ಚಕೊಂಡ ನಗಾಕತ್ತಾಳ.’

ಬಸ್ಸು ಬಂದು ನಿಂತಿತು, ಕಂಡಕ್ಟರು ಸೀಟಿ ಊದಿದ. ನಾನು ಹತ್ತಲಿಲ್ಲ.

‘ಇನ್ನೊಂಚೂರು ಹೇಳ್ರಿ ಸರ್’ ಎಂದೆ.